ಪೆಟ್ರೋಲ್ ಟ್ಯಾಂಕಿನೊಳಗೊಂದು ಸಬ್‌ಮರ್ಸಿಬಲ್

ಸಖರಾಯಪಟ್ಟಣ ದಾಟಿ ಎರಡು ಕಿಲೋಮೀಟರ್ ಬಂದಿದ್ದೆವೋ ಏನೋ. ರಾತ್ರಿ ಹತ್ತೂವರೆ. ಕಡೂರಿನಲ್ಲಿ ನೆಂಟರ ಮದುವೆಯ ಆರತಕ್ಷತೆ ಮುಗಿಸಿ ಚಿಕ್ಕಮಗಳೂರಿಗೆ ವಾಪಸ್ ಹೊರಟಿದ್ದೆವು. ಭಾವ ಓಡಿಸುತ್ತಿದ್ದರು, ಪಕ್ಕದಲ್ಲಿ ನಾನು. ಹಿಂದೆ ಅಕ್ಕ, ಅವಳ ಇಬ್ಬರು ಮಕ್ಕಳು. ಚಿಕ್ಕವನು ಅಕ್ಕನ ತೊಡೆ ಮೇಲೆ ಮಲಗಿ ನಿದ್ದೆ ಹೋಗಿದ್ದ.

ಮೊದಲು ಹೇಳಿದ್ದು ದೊಡ್ಡವಳು. "ಅಮ್ಮಾ, ಸೀಟು ಬಿಸಿ ಆಗ್ತಿದೆ."

ಅಕ್ಕ "ಸುಮ್ನೆ ಕೂತ್ಕೋ" ಅಂದಳು. ಒಂದು ನಿಮಿಷ ಕಳೆಯುವುದರೊಳಗೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಕ್ಲಚ್ ಇರಬೇಕು ಅಂದುಕೊಂಡು ಭಾವ ಕಿಟಕಿ ಇಳಿಸಿದರು. ಅಷ್ಟರಲ್ಲಿ ಎಂಜಿನ್ ಎರಡು ಸಲ ಮುಗ್ಗರಿಸಿ ನಿಂತೇ ಹೋಯಿತು. ಗಾಡಿಯನ್ನು ರಸ್ತೆ ಪಕ್ಕಕ್ಕೆ ಉರುಳಿಸಿ, ಮಕ್ಕಳನ್ನು ದೂರ ನಿಲ್ಲಿಸಿ, ಹಿಂದಿನ ಸೀಟಿನ ಕುಶನ್ ಎತ್ತಿ ಮೊಬೈಲ್ ಟಾರ್ಚ್ ಬಿಟ್ಟೆವು. ಸೀಟಿನ ಸ್ಪಂಜು ಅಂಗೈಯಗಲ ಕಂದಿ ಕರಗಿತ್ತು. ಅದರ ಕೆಳಗೆ ಟೇಪು ಸುತ್ತಿದ್ದ ವೈರಿನ ಗಂಟೊಂದು ಕಪ್ಪಗಾಗಿ ಇನ್ನೂ ಸಣ್ಣಗೆ ಹೊಗೆಯಾಡುತ್ತಿತ್ತು. ಆ ತಗಡಿನ ಕೆಳಗೇ ಪೆಟ್ರೋಲ್ ಟ್ಯಾಂಕ್.

ನಾನು ಹನ್ನೊಂದು ವರ್ಷದಿಂದ ಜಿಲ್ಲಾ ಸ್ಟ್ರಿಂಗರ್. ಸುದ್ದಿಗಿಷ್ಟು ಅಂತ ದುಡ್ಡು. ಈ ಹನ್ನೊಂದು ವರ್ಷದಲ್ಲಿ "ಕಾರು ಬೆಂಕಿಗಾಹುತಿ, ಪ್ರಯಾಣಿಕರು ಪಾರು" ಅಂತ ನಾಲ್ಕು ಸಾಲಿನ ಸುದ್ದಿ ಎಷ್ಟು ಸಲ ಕಳಿಸಿದ್ದೇನೋ ಲೆಕ್ಕವಿಲ್ಲ. ಕೊನೆಯ ಸಾಲು ಯಾವಾಗಲೂ ಒಂದೇ: "ಶಾರ್ಟ್ ಸರ್ಕ್ಯೂಟ್‌ನಿಂದ ಅವಘಡ ಸಂಭವಿಸಿದೆ ಎನ್ನಲಾಗಿದೆ." ಯಾರು ಅಂದರು ಅಂತ ಡೆಸ್ಕಿನವರು ಕೇಳಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಆ ರಾತ್ರಿ ಸುದ್ದಿಯೊಳಗೆ ನಮ್ಮನೆಯವರೇ ಸೇರಿಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿತ್ತು. ಹಾಗಾಗಿ ಈ ಸಲ ಕೇಳಿದೆ. ಕೇಳಿ ತಿಳಿದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾರಿನ ವಿಷಯ. ಭಾವ ನಾಲ್ಕು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು ಹೋಂಡಾ ಸಿಟಿ, 1.5 ವಿಟೆಕ್. 2000ದಲ್ಲಿ ನಮ್ಮ ದೇಶದಲ್ಲಿ ಬಂದ ಗಾಡಿ, 106 ಎಚ್‌ಪಿ. 2003ರ ಕೊನೆಗೆ ಅದನ್ನು ನಿಲ್ಲಿಸಿ ಕಂಪನಿ ತಂದ ಹೊಸ ಸಿಟಿಗೆ ಇದ್ದಿದ್ದು 77 ಎಚ್‌ಪಿ. ಅದಕ್ಕೇ ಹಳೇ ವಿಟೆಕ್ ಅಂದರೆ ಗಾಡಿ ಹುಚ್ಚಿನವರು ಇವತ್ತಿಗೂ ಕಿವಿ ನಿಮಿರಿಸುತ್ತಾರೆ. ನೋಡಲು ಮೇಷ್ಟ್ರ ಗಾಡಿಯ ಹಾಗಿದೆ. ಆದರೆ ಎಂಜಿನ್ ಮೇಲಿನ ಸುತ್ತಿಗೆ ಹೋದಾಗ ವಾಲ್ವ್‌ಗಳನ್ನು ಎತ್ತುವ ಕ್ಯಾಮ್ ಬದಲಾಗುತ್ತದೆ, ಸದ್ದೇ ಬೇರೆಯಾಗುತ್ತದೆ. ಭಾವನಿಗೆ ಆ ಸದ್ದಿನ ಹುಚ್ಚು. ಕಾಫಿ ಕ್ಯೂರಿಂಗ್‌ನಲ್ಲಿ ಕೆಲಸ, ಭಾನುವಾರ ಬಂದರೆ ಬಾನೆಟ್ ಎತ್ತುವುದು. ಆಟೋಕ್ರಾಸ್‌ನಲ್ಲಿ, ಅಂದರೆ ಮಣ್ಣಿನ ಮೈದಾನದಲ್ಲಿ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಸ್ಪರ್ಧೆಯಲ್ಲಿ, ಒಂದು ಸಲವಾದರೂ ಓಡಿಸಬೇಕು ಅನ್ನುವುದು ಆಸೆ.

ಈ ಗಾಡಿಗೆ ಒಂದು ವರ್ಷದಿಂದ ರೋಗ ಶುರುವಾಗಿತ್ತು. ಊರೊಳಗೆ ಓಡಿಸಿದರೆ ಏನೂ ಇಲ್ಲ. ಕೈಮರ ದಾಟಿ ಗಿರಿ ಕಡೆ ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದರೆ, 5,500 ಆರ್‌ಪಿಎಂ ಹತ್ತಿರ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಜಗ್ಗುತ್ತಿತ್ತು. ಕಾಲು ತೆಗೆದರೆ ಸರಿಹೋಗುತ್ತಿತ್ತು.

ಭಾವ ದೊಡ್ಡ ಊರಿನ ಒಂದು ಅಂಗಡಿಗೆ ಫೋನ್ ಮಾಡಿದರು. ಎರಡು ಮಾತು ಕೇಳಿ ಅವರು ತೀರ್ಪು ಕೊಟ್ಟರಂತೆ: "ಫ್ಯೂಯೆಲ್ ಪಂಪ್ ವೀಕ್ ಆಗಿದೆ ಸಾರ್. ಅದೇ ಹಾಕ್ಬೇಡಿ, 255 ಹಾಕಿ. ಅಪ್‌ಗ್ರೇಡ್." 255 ಅಂದರೆ ಗಂಟೆಗೆ 255 ಲೀಟರ್ ಪೆಟ್ರೋಲ್ ತಳ್ಳುವ ಪಂಪು. ಒಂಬತ್ತು ಸಾವಿರ ಚಿಲ್ಲರೆ. ಪಾರ್ಸೆಲ್ ಬಂತು, ಪರಿಚಯದ ಮೆಕ್ಯಾನಿಕ್ ಒಬ್ಬರು ಕೂರಿಸಿಕೊಟ್ಟರು. ಮೊದಲ ವಾರ ಗಾಡಿ ಹಾರಿತು. ಭಾವ ನನಗೆ ವಾಯ್ಸ್ ಮೆಸೇಜ್ ಕಳಿಸಿದ್ದರು, ಮಾತೇ ಇಲ್ಲ, ಬರೀ ಎಂಜಿನ್ ಸದ್ದು. ಆಮೇಲೆ ಬೆಳಗ್ಗೆ ಐಡಲ್‌ನಲ್ಲಿ ನಡುಕ ಶುರುವಾಯಿತು, ಪ್ಲಗ್ ಬಿಚ್ಚಿದರೆ ಮಸಿ. ಮೂರನೇ ವಾರ ಆ ಮದುವೆ.

ಮಾರನೇ ದಿನ ಗಾಡಿಯನ್ನು ಪಿಕಪ್‌ಗೆ ಕಟ್ಟಿ ಎಳೆದುಕೊಂಡು ಹೋಗಿದ್ದು ಚಿಕ್ಕಮಗಳೂರಿಗಲ್ಲ, ಹತ್ತಿರದಲ್ಲಿದ್ದ ನಮ್ಮೂರಿಗೆ. ನಮ್ಮೂರು ಕಡೂರು ತಾಲ್ಲೂಕು. ಮಲೆನಾಡು ಜಿಲ್ಲೆ ಅಂತ ಹೆಸರಿಗೆ, ನಮ್ಮ ಭಾಗ ಪೂರ್ತಿ ಬಯಲುಸೀಮೆ. ತೆಂಗು, ಅಡಿಕೆ, ಎಲ್ಲದಕ್ಕೂ ಬೋರ್‌ವೆಲ್ಲೇ ಗತಿ. ಕಾರ್ ಮೆಕ್ಯಾನಿಕ್ ಅನ್ನುವವರು ಇಲ್ಲ. ಇರುವುದು ಬಸ್‌ಸ್ಟ್ಯಾಂಡ್ ಪಕ್ಕದ ಮೋಟರ್ ವೈಂಡಿಂಗ್ ಅಂಗಡಿ. ಅದರ ಯಜಮಾನರು ನಮಗೆ ದೂರದಿಂದ ಮಾವನಾಗಬೇಕು. ಸುತ್ತ ಹತ್ತು ಹಳ್ಳಿಯ ಸುಟ್ಟ ಸಬ್‌ಮರ್ಸಿಬಲ್‌ಗಳು ಅವರ ಅಂಗಡಿ ಮುಂದೆ ಸಾಲಾಗಿ ಒರಗಿರುತ್ತವೆ. ಗಾಡಿ ಎಳೆದುಕೊಂಡು ಹೋಗುತ್ತಿದ್ದದ್ದನ್ನು ಕಂಡು ಅವರೇ ಬಂದರು.

ಭಾವ ಎಲ್ಲಾ ವಿವರಿಸಿದರು. ವಿಟೆಕ್ಕು, 255, ಅಪ್‌ಗ್ರೇಡು. ಮಾವ ಬೀಡಿಯನ್ನು ಗಾಡಿಯಿಂದ ಇಪ್ಪತ್ತು ಹೆಜ್ಜೆ ದೂರವೇ ಆರಿಸಿ ಬಂದು, ಆ ಸುಟ್ಟ ಗಂಟನ್ನು ಬಗ್ಗಿ ನೋಡಿ, ಒಂದೇ ಪ್ರಶ್ನೆ ಕೇಳಿದರು.

"ಪಂಪು ಚೇಂಜ್ ಮಾಡೋಕ್ಮುಂಚೆ ವೋಲ್ಟೇಜ್ ಎಷ್ಟು ಬರ್ತಿತ್ತು, ನೋಡಿದ್ರಾ?"

ನೋಡಿರಲಿಲ್ಲ. ಅಂಗಡಿಯವರು ಕೇಳಿರಲಿಲ್ಲ, ಮೆಕ್ಯಾನಿಕ್ ಅಳೆದಿರಲಿಲ್ಲ.

"ನಮ್ ರೈತ್ರೂ ಹಿಂಗೇ," ಅಂದರು ಮಾವ. "ನೀರ್ ಕಮ್ಮಿ ಬಂತು ಅಂದ ತಕ್ಷಣ ಐದ್ ಎಚ್‌ಪಿ ಇದ್ದಿದ್ದಕ್ಕೆ ಏಳೂವರೆ ಇಳಿಸ್ತಾರೆ. ಕೇಬಲ್ ಅದೇ ಹಳೇದು. ಹದಿನೈದ್ ದಿನಕ್ಕೆ ನನ್ ಅಂಗ್ಡಿಗೆ ಬರ್ತಾರೆ."

ಅವರು ಹಾಗಂದ ಮೇಲೆ ನನಗೆ ವಿಷಯ ಹಿಡಿಯಿತು. ನಮ್ಮಂಥ ಊರಿನವರಿಗೆ ಕಾರಿನ ಫ್ಯೂಯೆಲ್ ಪಂಪ್ ಅರ್ಥ ಮಾಡಿಕೊಳ್ಳಲು ಯಾವ ಪುಸ್ತಕವೂ ಬೇಕಾಗಿಲ್ಲ. ಅದು ಟ್ಯಾಂಕಿನೊಳಗೆ ಮುಳುಗಿಸಿಟ್ಟ ಒಂದು ಪುಟ್ಟ ಸಬ್‌ಮರ್ಸಿಬಲ್, ಅಂಗೈಯಲ್ಲಿ ಹಿಡಿಯುವಷ್ಟು. ಬೋರ್ ಮೋಟರಿಗೆ ನೀರೇ ತಂಪು, ಇದಕ್ಕೆ ಪೆಟ್ರೋಲೇ ತಂಪು. ನೀರಿಲ್ಲದೆ ಡ್ರೈ ಓಡಿದರೆ ಬೋರ್ ಮೋಟರ್ ಸುಡುತ್ತದೆ. ಟ್ಯಾಂಕನ್ನು ಸದಾ ತಳದಲ್ಲೇ ಇಟ್ಟು ಓಡಿಸಿದರೆ ಇದಕ್ಕೂ ಬಿಸಿ ಹತ್ತಿ ಆಯಸ್ಸು ಕಡಿಮೆಯಾಗುತ್ತದೆ. ಕಾಲು ಟ್ಯಾಂಕ್ ಉಳಿಸಿ ಅಂತ ಹೇಳುವುದು ಇದಕ್ಕೇ. ಪೆಟ್ರೋಲೊಳಗೆ ಕರೆಂಟ್ ಮೋಟರ್ ಇದ್ದರೆ ಬೆಂಕಿ ಹತ್ತಲ್ವಾ ಅಂತ ಕೇಳಬಹುದು. ಉರಿಯಲು ಗಾಳಿ ಬೇಕು. ಟ್ಯಾಂಕಿನೊಳಗಿನ ಆವಿಯಲ್ಲಿ ಪೆಟ್ರೋಲ್ ಅಂಶ ಎಷ್ಟು ದಟ್ಟವೆಂದರೆ ಹೊತ್ತಿಕೊಳ್ಳಲು ಬೇಕಾದಷ್ಟು ಗಾಳಿ ಅಲ್ಲಿರುವುದಿಲ್ಲ. ಅಪಾಯ ಇರುವುದು ಟ್ಯಾಂಕಿನ ಹೊರಗೆ.

ಹಳೇ ಅಂಬಾಸಿಡರ್, ಪದ್ಮಿನಿಗಳಲ್ಲಿ ಇದು ಹೀಗಿರಲಿಲ್ಲ. ಎಂಜಿನ್ ಪಕ್ಕದಲ್ಲೇ ಒಂದು ಪಂಪು, ಒಳಗೆ ರಬ್ಬರ್ ಪರದೆ, ಕ್ಯಾಮ್ ಗುದ್ದಿದಾಗಲೆಲ್ಲ ಒಂದೊಂದು ಗುಟುಕು ಕಾರ್ಬುರೇಟರಿಗೆ ಕೊಡುತ್ತಿತ್ತು. ಅದಕ್ಕೆ ಒತ್ತಡವೇ ಬೇಡ. ಹಳೇ ಬೈಕುಗಳಿಗಂತೂ ಪಂಪೇ ಇಲ್ಲ, ಟ್ಯಾಂಕ್ ಮೇಲೆ, ಕಾರ್ಬುರೇಟರ್ ಕೆಳಗೆ, ತಾನಾಗಿ ಇಳಿಯುತ್ತಿತ್ತು. ಇಂಜೆಕ್ಷನ್ ಬಂದ ಮೇಲೆ ಕಥೆ ಬದಲಾಯಿತು. 2020ರಲ್ಲಿ ಬಿಎಸ್-6 ಬಂದ ಮೇಲೆ ಬಹುತೇಕ ಪೆಟ್ರೋಲ್ ಬೈಕುಗಳಿಗೂ ಇದೇ. ಕೀ ಆನ್ ಮಾಡಿದಾಗ ಟ್ಯಾಂಕಿನೊಳಗೆ "ಜೀಂಯ್" ಅಂತ ಎರಡು ಸೆಕೆಂಡ್ ಸದ್ದು ಬಂದು ನಿಲ್ಲುತ್ತದಲ್ಲ, ಅದೇ ಪಂಪು ಪೈಪಿಗೆ ಒತ್ತಡ ತುಂಬುವ ಸದ್ದು. ನಿಮ್ಮ ಬೈಕಿನಲ್ಲಿ ಒಂದು ದಿನ ಆ ಸದ್ದು ಕೇಳದೆ ಹೋದರೆ ಕಿಕ್ ಹೊಡೆದು ಸುಸ್ತಾಗಬೇಡಿ, ಮೊದಲು ಫ್ಯೂಸ್ ಮತ್ತು ರಿಲೇ ನೋಡಿಸಿ.

ಇಂಜೆಕ್ಷನ್ ಗಾಡಿಗೆ ಎಷ್ಟು ಒತ್ತಡ ಬೇಕು? ಈ ಸಿಟಿಯಂಥದಕ್ಕೆ ಸುಮಾರು 3 ಬಾರ್. ಬೋರಿನ ಭಾಷೆಯಲ್ಲಿ ಹೇಳಿದರೆ ನೀರನ್ನು ನೂರು ಅಡಿ ಮೇಲಕ್ಕೆ ಎತ್ತುವಷ್ಟು. ಒಂದು ಮುಷ್ಟಿಯಷ್ಟಿರುವ ಮೋಟರಿಗೆ ಇದು ಸಣ್ಣ ಕೆಲಸವಲ್ಲ. ಎಂಜಿನ್ ಹತ್ತಿರ ಪೈಪಿನ ತುದಿಯಲ್ಲಿ ರೆಗ್ಯುಲೇಟರ್ ಅಂತ ಒಂದು ಸಣ್ಣ ಡಬ್ಬಿ ಇರುತ್ತದೆ. ಬೇಕಾದಷ್ಟು ಒತ್ತಡ ಹಿಡಿದಿಟ್ಟುಕೊಂಡು, ಹೆಚ್ಚಾದ ಪೆಟ್ರೋಲನ್ನು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಬಿಡುವುದು ಅದರ ಕೆಲಸ. ತೋಟದಲ್ಲಿ ಡ್ರಿಪ್ ಹಾಕಿದವರು ಬೈಪಾಸ್ ವಾಲ್ವ್ ಇಟ್ಟಿರುತ್ತಾರಲ್ಲ, ಹಾಗೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಇಂಜೆಕ್ಟರ್ ಅಂದರೆ ತೆರೆದು ಮುಚ್ಚುವ ನಲ್ಲಿ ಅಷ್ಟೇ. ಎಷ್ಟು ಹೊತ್ತು ತೆರೆಯಬೇಕು ಅಂತ ಇಸಿಯು ಅನ್ನುವ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಒತ್ತಡ ಸರಿಯಾಗಿದೆ ಅಂತ ನಂಬಿಯೇ ಈ ಲೆಕ್ಕ. ಈ ಹಳೇ ಗಾಡಿಯಲ್ಲಿ ಒತ್ತಡ ಅಳೆದು ಇಸಿಯುಗೆ ಹೇಳುವ ಸೆನ್ಸರ್ ಇಲ್ಲ. ಒತ್ತಡ ಕಾಲು ಭಾಗ ಇಳಿದರೆ ಪೆಟ್ರೋಲ್ ನೂರಕ್ಕೆ ಹದಿಮೂರರಷ್ಟು ಕಡಿಮೆ ಬೀಳುತ್ತದೆ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಪೂರ್ತಿ ಆಕ್ಸಿಲರೇಟರ್‌ನಲ್ಲಿ ಇದೇ ಎಂಜಿನ್ ಕೊಲ್ಲುವುದು. ಉರಿ ಹೊತ್ತಿಗೆ ಮುಂಚೆ ಸಿಡಿದು ಪಿಸ್ಟನ್ ತಲೆ ಕರಗಿದ ಗಾಡಿಗಳನ್ನು ನಾನೇ ನೋಡಿದ್ದೇನೆ. ಹಾಗಾಗಿ ಭಾವನ ಗಾಡಿ 5,500ರಲ್ಲಿ ಜಗ್ಗುತ್ತಿತ್ತಲ್ಲ, ಅದನ್ನು ಸುಮ್ಮನೆ ಬಿಡುವ ಹಾಗೂ ಇರಲಿಲ್ಲ. ಚಿಂತೆ ಸರಿಯಾಗಿತ್ತು, ಔಷಧಿ ತಪ್ಪಿತ್ತು.

ಮಾವ ಕೆಲಸ ಶುರು ಮಾಡಿದ್ದು ಹೀಗೆ. ಗಾಡಿಯನ್ನು ಬಯಲಿಗೆ ತಳ್ಳಿಸಿದರು. ಎರಡು ಬಕೆಟ್ ಮರಳು, ಒದ್ದೆ ಗೋಣಿಚೀಲ ತರಿಸಿದರು. "ಹಳೇ ಪಂಪು ಎಸೆದ್ರಾ?" ಅಂದರು. ಭಾವ ಎಸೆದಿರಲಿಲ್ಲ, ಹೊಸದರ ಡಬ್ಬಿಯಲ್ಲೇ ಇಟ್ಟಿದ್ದರು. "ಅದನ್ನೇ ವಾಪಸ್ ಹಾಕಿ. ಆ ಗಂಟು ಬಿಚ್ಬೇಡಿ. ಕರಗಿದ್ದನ್ನ ಕೆರೆದು ತಾಮ್ರ ಮುಟ್ಟಿಸಿ ಸಾಕು. ರೋಗ ಇದ್ದಂಗೇ ನೋಡ್ಬೇಕು."

ಎಂಜಿನ್ ಸ್ಟಾರ್ಟ್ ಮಾಡಿ ಮೀಟರ್ ಹಿಡಿದರು. ಬ್ಯಾಟರಿಯಲ್ಲಿ 14.1 ವೋಲ್ಟ್. ಪಂಪಿನ ಬಾಯಲ್ಲಿ 10.2.

"ಮಧ್ಯೆ ಮೂರು ಪಾಯಿಂಟ್ ಒಂಬತ್ತು ಎಲ್ಲೋಯ್ತಪ್ಪ, ರಿಪೋರ್ಟ್ರೇ?" ಅಂತ ನನ್ನನ್ನು ಕೇಳಿದರು.

ಹೋಗಿದ್ದು ಆ ಗಂಟಿನಲ್ಲಿ. ಮೊದಲಿನ ಮಾಲೀಕ ಯಾವಾಗಲೋ ಅಗ್ಗದ ಕಳ್ಳರ ಅಲಾರಂ ಹಾಕಿಸಿದ್ದ. ಕಳ್ಳ ಸ್ಟಾರ್ಟ್ ಮಾಡಿದರೂ ಗಾಡಿ ಓಡಬಾರದು ಅಂತ, ಹಾಕಿದವನು ಪಂಪಿನ ವೈರನ್ನು ಕತ್ತರಿಸಿ ಸ್ಪೀಕರ್‌ಗೆ ಹಾಕುವಂಥ ತೆಳು ವೈರಿನಲ್ಲಿ ಸುತ್ತಿ ತಂದು ಸೇರಿಸಿದ್ದ. ಬೆಸುಗೆ ಇಲ್ಲ, ಬರೀ ತಿರುಚಿ ಟೇಪು. ಆಮೇಲೆ ಅಲಾರಂ ಕೆಟ್ಟು ಯಾರೋ ಕಿತ್ತೆಸೆದಿದ್ದರು, ಗಂಟು ಮಾತ್ರ ಸೀಟಿನ ಕೆಳಗೆ ಉಳಿದಿತ್ತು. ಮಳೆಗಾಲದ ತೇವಕ್ಕೆ ತಾಮ್ರ ಹಸಿರುಗಟ್ಟಿತ್ತು. ಪಂಪಿನ ಅರ್ಥಿಂಗ್ ಬೋಲ್ಟಿಗೂ ತುಕ್ಕು.

ಹಳೇ ಪಂಪು ಎಳೆಯುತ್ತಿದ್ದದ್ದು ನಾಲ್ಕೂವರೆ ಆಂಪಿಯರ್. ನಾಲ್ಕೂವರೆಯನ್ನು 3.9ರಿಂದ ಗುಣಿಸಿ, ಹದಿನೇಳೂವರೆ ವಾಟ್. ಅಷ್ಟು ಬಿಸಿ ವರ್ಷಗಟ್ಟಲೆ ಆ ದಾರಿಯಲ್ಲಿ ಸುಮ್ಮನೆ ಹುಟ್ಟುತ್ತಿತ್ತು. ದೊಡ್ಡ ಪಂಪು ಆರೇಳು ಆಂಪಿಯರ್ ಎಳೆದಿದ್ದರೂ ಮೂವತ್ತರಿಂದ ನಲವತ್ತು ವಾಟ್ ಆಗುತ್ತದೆ, ಯಾಕೆಂದರೆ ಕರೆಂಟ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟಾಗುತ್ತದೆ. ಮಾವ ತಮ್ಮ ಮೇಜಿನ ಮೇಲಿದ್ದ ಬೆಸುಗೆ ಕಡ್ಡಿ ತೋರಿಸಿದರು. "ಇದು ಇಪ್ಪತ್ತೈದು ವಾಟ್. ಸೀಸ ಕರಗಿಸ್ತದೆ. ನೀವು ಇದಕ್ಕಿಂತ ಜಾಸ್ತಿದನ್ನ ಮಕ್ಕಳ ಸೀಟಿನ ಕೆಳಗೆ ಇಟ್ಕೊಂಡು ಮದುವೆಗೆ ಹೋಗಿದ್ರಿ."

ಭಾವ ಏನೂ ಮಾತಾಡಲಿಲ್ಲ.

ನಾನು ಕೇಳಿದೆ, "ಫ್ಯೂಸ್ ಯಾಕೆ ಹೋಗ್ಲಿಲ್ಲ ಮಾವ? ಅಷ್ಟು ಸುಟ್ಟಿದೆ."

"ಫ್ಯೂಸು ಕರೆಂಟ್ ಜಾಸ್ತಿ ಹೋದ್ರೆ ಹೋಗ್ತದೆ. ಇಲ್ಲಿ ಜಾಸ್ತಿ ಎಲ್ಲಿ ಹೋಯ್ತು? ಹದಿನೈದರ ಫ್ಯೂಸಿಗೆ ಆರೇಳು ಏನು ಮಹಾ. ಇದು ಶಾರ್ಟ್ ಸರ್ಕ್ಯೂಟ್ ಅಲ್ಲ ಕಣಪ್ಪ. ಲೂಸ್ ಕನೆಕ್ಷನ್ನು."

ಈ ಮಾತು ಕೇಳಿ ನನಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಶಾರ್ಟ್ ಸರ್ಕ್ಯೂಟ್ ಅಂದರೆ ಕರೆಂಟ್ ಅಡ್ಡದಾರಿ ಹಿಡಿದು ಒಮ್ಮೆಲೇ ನುಗ್ಗುವುದು. ಅದಕ್ಕೆ ಫ್ಯೂಸ್ ಕಾವಲಿದೆ. ಲೂಸ್ ಕನೆಕ್ಷನ್ ಅಂದರೆ ಸರಿದಾರಿಯಲ್ಲೇ ಹೋಗುವ ಕರೆಂಟಿಗೆ ಒಂದು ಕಡೆ ದಾರಿ ಇಕ್ಕಟ್ಟಾಗುವುದು. ಅದಕ್ಕೆ ಕಾವಲೇ ಇಲ್ಲ. ಮನೆಯ ಸ್ವಿಚ್‌ಬೋರ್ಡಿನಲ್ಲಿ ಪ್ಲಗ್ ಕಪ್ಪಗಾಗುವುದೂ ಹೀಗೇ. ಹನ್ನೊಂದು ವರ್ಷ ನಾನು ಕಳಿಸಿದ ಆ ಕೊನೆಯ ಸಾಲುಗಳಲ್ಲಿ ಎಷ್ಟು ಸುಳ್ಳಿದ್ದವೋ. "ಶಾರ್ಟ್ ಸರ್ಕ್ಯೂಟ್" ಅಂದರೆ ಓದುವವರಿಗೆ ಅದೊಂದು ಹಣೆಬರಹದ ಹಾಗೆ, ಯಾರೂ ಏನೂ ಮಾಡುವಂತಿಲ್ಲ ಅನಿಸುತ್ತದೆ. "ಅಲಾರಂ ಹಾಕುವವನು ತಿರುಚಿ ಬಿಟ್ಟ ವೈರು" ಅಂತ ಒಂದು ಸಲ ಬರೆದಿದ್ದರೆ ಯಾರಾದರೂ ತಮ್ಮ ಸೀಟು ಎತ್ತಿ ನೋಡುತ್ತಿದ್ದರೇನೋ.

ಆಮೇಲೆ ಅಳತೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಪೈಪಿನ ಒತ್ತಡ ಇಳಿಸಿ, ರಿಟರ್ನ್ ಪೈಪನ್ನು ಬಿಚ್ಚಿ ಕ್ಯಾನಿಗೆ ಬಿಟ್ಟೆವು. ಎಂಜಿನ್ ಆಫ್, ಪಂಪು ಮಾತ್ರ 30 ಸೆಕೆಂಡ್ ಆನ್. ಇದನ್ನು ಮನೆಯಲ್ಲಿ ಒಬ್ಬರೇ ಮಾಡಲು ಹೋಗಬೇಡಿ, ಗೊತ್ತಿರುವವರ ಜೊತೆ ಬಯಲಲ್ಲೇ ಮಾಡಿ. ಕ್ಯಾನಿನಲ್ಲಿ ಬಿದ್ದದ್ದು 270 ಎಂಎಲ್. ಗಂಟೆಗೆ ಲೆಕ್ಕ ಹಾಕಿದರೆ 32 ಲೀಟರ್.

ಈಗ ಎಂಜಿನ್ನಿಗೆ ಎಷ್ಟು ಬೇಕು ಅನ್ನುವ ಲೆಕ್ಕ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪೂರ್ತಿ ಶಕ್ತಿಯಲ್ಲಿ ಓಡುವಾಗ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 300 ಎಂಎಲ್ ಪೆಟ್ರೋಲ್ ಕುಡಿಯುತ್ತದೆ. 106 ಎಚ್‌ಪಿಗೆ ಸುಮಾರು 32 ಲೀಟರ್. ಅಂದರೆ ಬೇಕಾದಷ್ಟಕ್ಕೂ ಸಿಗುತ್ತಿದ್ದಷ್ಟಕ್ಕೂ ಸರಿಸಮ, ಒಂದು ತೊಟ್ಟೂ ಮಿಗುವುದಿಲ್ಲ. ಏರಿನಲ್ಲಿ, ಬಿಸಿಯಲ್ಲಿ, ಮೇಲಿನ ಸುತ್ತಿನಲ್ಲಿ ಜಗ್ಗದೆ ಇನ್ನೇನು ಮಾಡುತ್ತದೆ?

ಫಿಲ್ಟರ್ ಬಿಚ್ಚಿ ಊದಿದರೆ ಗಾಳಿಯೇ ಸರಿಯಾಗಿ ಹೋಗುತ್ತಿರಲಿಲ್ಲ, ಒಳಗೆ ಕೆಂಪು ಕೆಸರು. ಹೊಸದು ಹಾಕಿದೆವು: 330 ಎಂಎಲ್. ಇನ್ನೂ ಸಾಲದು. ಆಮೇಲೆ ವೈರಿಂಗ್. ಬ್ಯಾಟರಿಯಿಂದ ಎರಡೂವರೆ ಎಂಎಂ ಒಳ್ಳೇ ವೈರು, ಬ್ಯಾಟರಿ ಪಕ್ಕದಲ್ಲೇ ಫ್ಯೂಸು, ಹಿಂದೆ ಒಂದು ರಿಲೇ. ಹಳೇ ವೈರಿನ ಆ ಗಂಟು ಕತ್ತರಿಸಿ ನೆಟ್ಟಗೆ ಬೆಸೆದು, ಅದರಿಂದ ರಿಲೇಗೆ ಸನ್ನೆ ಮಾತ್ರ ಕೊಡಿಸಿದರು. ಬೋರಿನ ಸ್ಟಾರ್ಟರಿನ ಹಾಗೆಯೇ, ಬಟನ್ನಿನಲ್ಲಿ ಹೋಗುವ ಕರೆಂಟ್ ಸಣ್ಣದು, ಮೋಟರಿಗೆ ಹೋಗುವ ದಾರಿ ಬೇರೆ. ಅರ್ಥಿಂಗ್ ಜಾಗದಲ್ಲಿ ಬಣ್ಣ ಕೆರೆದು ಹೊಸ ಬೋಲ್ಟ್. ಎಲ್ಲಾ ಸೇರಿ ಎಂಟುನೂರು ರೂಪಾಯಿ ಸಾಮಾನು.

ಪಂಪಿನ ಬಾಯಲ್ಲಿ 13.8 ವೋಲ್ಟ್. 30 ಸೆಕೆಂಡಿಗೆ 650 ಎಂಎಲ್. ಗಂಟೆಗೆ 78 ಲೀಟರ್, ಬೇಕಾದ್ದರ ಎರಡರಷ್ಟಕ್ಕಿಂತ ಜಾಸ್ತಿ. ಅದೇ ಇಪ್ಪತ್ತು ವರ್ಷದ, "ವೀಕ್ ಆಗಿದೆ" ಅಂತ ಫೋನಿನಲ್ಲೇ ತೀರ್ಪು ಕೊಟ್ಟಿದ್ದ ಪಂಪು.

ರಿಲೇಯ ಸನ್ನೆಯನ್ನು ಹಳೇ ವೈರಿನಿಂದಲೇ ತೆಗೆದದ್ದಕ್ಕೆ ಕಾರಣ ಇದೆ. ಎಂಜಿನ್ ನಿಂತ ತಕ್ಷಣ ಪಂಪು ನಿಲ್ಲಿಸುವ ಏರ್ಪಾಡು ಇಸಿಯುನಲ್ಲಿದೆ. ಕೆಲವರು ಸುಲಭ ಅಂತ ಪಂಪಿಗೆ ಕೀಯಿಂದ ನೇರ ಕರೆಂಟ್ ಕೊಟ್ಟುಬಿಡುತ್ತಾರೆ. ಆಗ ಅಪಘಾತವಾಗಿ ಪೈಪು ಒಡೆದು ಎಂಜಿನ್ ನಿಂತರೂ ಪಂಪು ಪೆಟ್ರೋಲ್ ಸುರಿಸುತ್ತಲೇ ಇರುತ್ತದೆ. ನಿಮ್ಮ ಗಾಡಿಯಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ನಾಳೆಯೇ ತೆಗೆಸಿ.

ಹಾಗಾದರೆ 255 ಪಂಪು ಮೋಸವಾ? ಅಲ್ಲ. ನಾನು ಪ್ರತಿ ಸಲ ಚಿಕ್ಕಮಗಳೂರಿನ ರ್‍ಯಾಲಿಗೆ ವರದಿ ಮಾಡಲು ಹೋಗುತ್ತೇನೆ. ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಸುತ್ತುಗಳು ನಡೆದಿವೆ, ಏಷ್ಯಾ ಪೆಸಿಫಿಕ್ ರ್‍ಯಾಲಿಯೂ ಬಂದಿತ್ತು. ಇಷ್ಟು ವರ್ಷ ಯಾರು ಗೆದ್ದರು ಅಂತ ಬರೆದು ಬರುತ್ತಿದ್ದೆ. ಕಳೆದ ಸಲ ಸರ್ವಿಸ್ ಪಾರ್ಕಿನಲ್ಲಿ ಒಬ್ಬ ಮೆಕ್ಯಾನಿಕ್ ಹತ್ತಿರ ಕೂತು ಪಂಪಿನ ಬಗ್ಗೆಯೇ ಕೇಳಿದೆ. ಆತ ಹೇಳಿದ್ದಿಷ್ಟು: ದೊಡ್ಡ ಪಂಪು ದೊಡ್ಡ ಟರ್ಬೊ, ದೊಡ್ಡ ಇಂಜೆಕ್ಟರ್ ಹಾಕಿದವರಿಗೆ, ನಾಲ್ಕೈನೂರು ಎಚ್‌ಪಿ ಕಡೆ ಹೋಗುವವರಿಗೆ. ಅವರೂ ಪಂಪಿನ ಜೊತೆ ವೈರು, ರಿಲೇ, ರೆಗ್ಯುಲೇಟರ್, ರಿಟರ್ನ್ ಪೈಪು ಎಲ್ಲಾ ಬದಲಿಸುತ್ತಾರೆ. ಎಂಜಿನ್ ಕುಡಿಯುವುದು 32 ಲೀಟರ್, ಪಂಪು ತಳ್ಳುವುದು ಅದರ ಹಲವು ಪಟ್ಟು ಅಂದರೆ ಉಳಿದದ್ದೆಲ್ಲ ಸಣ್ಣ ರಿಟರ್ನ್ ಪೈಪಿನಲ್ಲೇ ವಾಪಸ್ ಬರಬೇಕು. ಅಲ್ಲಿ ಜಾಗ ಸಾಲದಿದ್ದರೆ ಒತ್ತಡ ಏರುತ್ತದೆ, ಐಡಲ್‌ನಲ್ಲಿ ಪೆಟ್ರೋಲ್ ಹೆಚ್ಚಾಗುತ್ತದೆ. ಭಾವನ ಪ್ಲಗ್ಗಿನ ಮಸಿಗೆ ಕಾರಣ ಅದೇ ಇರಬೇಕು. ಪಂಪು ದೊಡ್ಡದಾದ ಮಾತ್ರಕ್ಕೆ ಒಂದು ಎಚ್‌ಪಿಯೂ ಹೆಚ್ಚುವುದಿಲ್ಲ. ಬೋರಿನಲ್ಲಿ ಇಲ್ಲದ ನೀರನ್ನು ಏಳೂವರೆ ಎಚ್‌ಪಿ ತರುತ್ತದಾ?

ಆತ ಇನ್ನೊಂದು ಮಾತು ಹೇಳಿದ. ಮಣ್ಣಿನ ತಿರುವಿನಲ್ಲಿ ಗಾಡಿ ಜಗ್ಗಿದರೆ ಅದು ಪಂಪಿನ ತಪ್ಪೇ ಇರಲಿಕ್ಕಿಲ್ಲ. ತಿರುಗುವಾಗ ಪೆಟ್ರೋಲ್ ಟ್ಯಾಂಕಿನ ಒಂದು ಮೂಲೆಗೆ ಓಡಿಹೋಗಿ ಪಂಪು ಗಾಳಿ ಎಳೆದುಕೊಳ್ಳುತ್ತದೆ. ದೊಡ್ಡ ತಂಡದವರು ಇದಕ್ಕೆ ಬೇರೆಯೇ ಸಣ್ಣ ಟ್ಯಾಂಕ್ ಕೂರಿಸುತ್ತಾರೆ. "ನಿಮ್ ಭಾವನಿಗೆ ಅರ್ಧ ಟ್ಯಾಂಕ್ ಇಟ್ಕೊಂಡು ಓಡಿಸೋಕೆ ಹೇಳಿ, ಸಾಕು" ಅಂದ.

ಪೈಪಿನ ವಿಷಯ ಬಿಟ್ಟರೆ ತಪ್ಪಾಗುತ್ತದೆ. ಹೊಸ ಪಂಪು ಹಾಕಿದ ಮೆಕ್ಯಾನಿಕ್ ಟ್ಯಾಂಕಿನೊಳಗಿನ ಬೆರಳುದ್ದದ ರಬ್ಬರ್ ಪೈಪಿಗೆ ಕೈಗೆ ಸಿಕ್ಕ ಸಾಮಾನ್ಯ ಪೈಪು ಹಾಕಿದ್ದರು. ಮೂರೇ ವಾರಕ್ಕೆ ಅದು ಊದಿ ಮೆತ್ತಗಾಗಿತ್ತು. ಪೆಟ್ರೋಲ್ ಪೈಪು ಸಾಮಾನ್ಯವಾಗಿ ಒಳಗಿನಿಂದ ಮಾತ್ರ ಪೆಟ್ರೋಲ್ ತಡೆಯುವಂತೆ ಮಾಡಿರುತ್ತಾರೆ. ಟ್ಯಾಂಕಿನೊಳಗೆ ಅದು ಹೊರಗಿನಿಂದಲೂ ಮುಳುಗಿರುತ್ತದೆ. ಅದಕ್ಕೆ ಬೇರೆಯೇ ಪೈಪು ಬೇಕು, ಮೈಮೇಲೆ "ಎಸ್‌ಎಇ ಜೆ30 ಆರ್10" ಅಂತ ಮುದ್ರೆ ಇರುತ್ತದೆ. ಗಿಡಕ್ಕೆ ನೀರು ಬಿಡುವ ಪೈಪಿನ ಹಾಗೆ ಮೀಟರ್ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುವುದಿಲ್ಲ, ಆದರೆ ಬೇಕಾಗುವುದು ಬೆರಳುದ್ದ ಅಷ್ಟೇ.

ಇ20 ಪೆಟ್ರೋಲಿನ ಬಗ್ಗೆಯೂ ಬಹಳ ಜನ ಕೇಳುತ್ತಿದ್ದಾರೆ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಪ್ರಧಾನಿ ಇದಕ್ಕೆ ಚಾಲನೆ ಕೊಟ್ಟರು. ನೂರರಲ್ಲಿ ಇಪ್ಪತ್ತು ಭಾಗ ಎಥೆನಾಲ್. ಕಬ್ಬು, ಮೆಕ್ಕೆಜೋಳ ಬೆಳೆಯುವವರಿಗೆ ಅದರಿಂದ ದುಡ್ಡು ಬರುತ್ತದೆ, ಅದನ್ನು ನಾನು ಬೈಯುವುದಿಲ್ಲ. ಆದರೆ 2002ರ ಗಾಡಿಯನ್ನು ಕಟ್ಟಿದಾಗ ಇದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೇ ರಬ್ಬರ್‌ಗೆ ಆಗುವುದಿಲ್ಲ, ಟ್ಯಾಂಕಿನ ಗೋಡೆಗೆ ಅಂಟಿದ್ದ ಹಳೇ ಕೊಳೆಯನ್ನು ಸಡಿಲಿಸಿ ಫಿಲ್ಟರಿಗೆ ತಂದು ಹಾಕುತ್ತದೆ. ಅದರಲ್ಲಿ ಶಕ್ತಿ ಕಡಿಮೆ, ಹಾಗಾಗಿ ಅದೇ ಕೆಲಸಕ್ಕೆ ನೂರಕ್ಕೆ ಆರೇಳು ಭಾಗ ಹೆಚ್ಚು ಬೇಕು. ಮೊದಲೇ ಅಂಚಿನಲ್ಲಿದ್ದ ಪಂಪಿಗೆ ಅಷ್ಟೇ ಸಾಕು ಸೋಲಲು. ಹಳೇ ಇಂಜೆಕ್ಷನ್ ಗಾಡಿ ಇಟ್ಟುಕೊಂಡವರು ಪಂಪು ಬದಲಿಸುವ ಮೊದಲು ಫಿಲ್ಟರ್ ಬದಲಿಸಿ, ರಬ್ಬರ್ ಪೈಪುಗಳನ್ನು ಬಗ್ಗಿಸಿ ಬಿರುಕು ಇದೆಯಾ ನೋಡಿ, ತಿಂಗಳುಗಟ್ಟಲೆ ಪೆಟ್ರೋಲ್ ತುಂಬಿ ಗಾಡಿ ನಿಲ್ಲಿಸಬೇಡಿ.

ಮಾವ ದುಡ್ಡು ತೆಗೆದುಕೊಳ್ಳಲಿಲ್ಲ. ಒಂದು ರೌಂಡ್ ಕೂರಿಸಿಕೊಂಡು ಹೋಗಿ ಅಂದರು. ಬೀರೂರು ರಸ್ತೆಯಲ್ಲಿ ಭಾವ ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿದರು. 5,500 ದಾಟಿತು, 6,000 ದಾಟಿತು, ಆ ಸದ್ದು ಬಂತು, ಗಾಡಿ ಒಂದು ಚೂರೂ ಜಗ್ಗಲಿಲ್ಲ. ಮಾವ ಡ್ಯಾಶ್‌ಬೋರ್ಡ್ ಗಟ್ಟಿಯಾಗಿ ಹಿಡಿದುಕೊಂಡು, "ಸಾಕು ಸಾಕು, ನಿಮ್ ಎಚ್‌ಪಿ ಗೊತ್ತಾಯ್ತು" ಅಂದರು.

ಆ 255 ಪಂಪು ಈಗ ಅಕ್ಕನ ಮನೆಯ ಅಟ್ಟದಲ್ಲಿದೆ. ಭಾವ ಮಾರಬೇಕು ಅಂತಾರೆ, ಇನ್ನೂ ಮಾರಿಲ್ಲ. ಸುಟ್ಟ ಗಂಟನ್ನು ನಾನು ಇಸಿದುಕೊಂಡು ಬಂದು ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಹೋದ ತಿಂಗಳು ಜಿಲ್ಲೆಯಲ್ಲೇ ಇನ್ನೊಂದು ಕಾರು ಸುಟ್ಟಿತು, ಯಾರಿಗೂ ಏನೂ ಆಗಲಿಲ್ಲ. ನಾನು "ಕಾರಣ ತಿಳಿದುಬಂದಿಲ್ಲ" ಅಂತ ಬರೆದು ಕಳಿಸಿದೆ. ಪ್ರಿಂಟ್ ಆಗಿ ಬಂದಾಗ ಡೆಸ್ಕಿನವರು ಅದನ್ನು ತೆಗೆದು "ಶಾರ್ಟ್ ಸರ್ಕ್ಯೂಟ್ ಎನ್ನಲಾಗಿದೆ" ಅಂತ ಸೇರಿಸಿದ್ದರು.

ಭಾವನ ಗಾಡಿ ಈಗ ಚೆನ್ನಾಗಿದೆ. ಅಕ್ಕ ಮಾತ್ರ ಇನ್ನೂ ಹಿಂದಿನ ಕಿಟಕಿಯನ್ನು ಅರ್ಧ ಇಳಿಸಿಕೊಂಡೇ ಕೂರುತ್ತಾಳೆ, ಮಳೆ ಬಂದರೂ. ಆಗಾಗ ಸೀಟಿನ ಮೇಲೆ ಅಂಗೈ ಇಟ್ಟು ನೋಡುತ್ತಾಳೆ.